ತಿರುಪು

ಬಾನೆಟ್ಟಿನ ಮೂಲೆಗೆ ಅಂಗೈಯಿಟ್ಟು ಒತ್ತಿ ಬಿಟ್ಟರೆ
ಗಾಡಿ ಒಮ್ಮೆ ಏಳಬೇಕು, ಕೂರಬೇಕು, ಸುಮ್ಮನಾಗಬೇಕು.
ನನ್ನದು ನಾಲ್ಕು ಸಲ ಎದ್ದು ಕೂತು
ಐದನೆಯದಕ್ಕೆ ಯೋಚಿಸುತ್ತದೆ.
"ಹೋಯ್ತು," ಎಂದ ಲಿಗೋರಿ, ಕೈ ಒರೆಸುತ್ತ,
"ಶಾಕ್ ನಾಲ್ಕೂ ಹೋಯ್ತು. ಎಣ್ಣೆ ಎಲ್ಲ ಹೊರಗೆ ಉಂಟು."

ಎರಡೇ ಸೀಟು, ಮೇಲೆ ಮಾಡು ಇಲ್ಲ, ಗೋವಾದಲ್ಲಿ ಹುಟ್ಟಿದ್ದು.
ಮೈ ಫೈಬರಿನದು, ಅದಕ್ಕೇ ನನ್ನ ಪಾಲಿಗೆ ಬಂತು.
ಮಲ್ಪೆಯಲ್ಲಿ ಬೋಟಿನ ಹೊಟ್ಟೆಗೆ ಫೈಬರ್ ಹಚ್ಚುವವನು ನಾನು:
ರಾಳ, ಗಾಜಿನ ಮ್ಯಾಟು, ರೋಲರು, ಕೆಮ್ಮು.
ಬಾಗಿಲು ಸೀಳಿದ್ದ ಇದನ್ನು ಯಾರೋ ಗುಜರಿಗೆ ಹಾಕುತ್ತಿದ್ದರು;
ಪರ್ಸೀನ್ ಬೋಟಿನಲ್ಲಿ ಮಿಕ್ಕ ರಾಳದಿಂದ ಕೂಡಿಸಿದೆ.
ಹತ್ತಿರ ಬಂದು ನೋಡಿದರೆ ಬಣ್ಣವೂ ಬೋಟಿನದೇ.

ದೋಣಿಗೆ ಶಾಕ್ ಇಲ್ಲ.
ಅಲ್ಲಿ ಮೊಣಕಾಲು ಉಂಟು.
ಸೆಟೆದು ನಿಂತರೆ ಹಲ್ಲು ಹೋಗುತ್ತದೆ,
ತೀರ ಸಡಿಲ ಬಿಟ್ಟರೆ ನೀನೇ ಹೋಗುತ್ತಿ.
ಇದನ್ನು ಲಿಗೋರಿಗೆ ಹೇಳಿದೆ. "ಅದೇ ಮಾರಾಯ, ಅದೇ," ಎಂದು
ಫಿಲ್ಟರಿನ ರಟ್ಟು ಹರಿದು ಚಿತ್ರ ಬರೆದ:
ಒಂದು ಕೊಳವೆ, ಒಳಗೊಂದು ಬಿಲ್ಲೆ, ಬಿಲ್ಲೆಗೆ ತೂತು,
ತೂತಿನಲ್ಲಿ ಹಿಂಡಿಕೊಂಡು ದಾಟುವ ಎಣ್ಣೆ.
"ಪೆಟ್ಟು ತಿನ್ನುವುದು ಸ್ಪ್ರಿಂಗು.
ಸಾಕು, ಕುಣಿದದ್ದು ಸಾಕು ಅನ್ನುವುದು ಇದು."

ಹಳೆಯದನ್ನೇ ಬಿಚ್ಚಿ ಹೊಸ ಸೀಲು, ಹೊಸ ಎಣ್ಣೆ ತುಂಬಬಹುದು,
ಮಂಗಳೂರು ಬಂದರಿನಲ್ಲಿ ಹಮ್ಮಬ್ಬ ಮಾಡುತ್ತಾನೆ,
ಒಂದು ಮಳೆಗಾಲ ದಾಟುತ್ತದೆ, ಎರಡನೆಯದಕ್ಕೆ ಗ್ಯಾರಂಟಿ ಇಲ್ಲ.
ಇಲ್ಲವಾದರೆ ಗ್ಯಾಸಿನದು: ಹಳದಿ, ಚಂದ, ಕಲ್ಲು.
ಕಾಪುವಿನ ತಿರುವಿನಲ್ಲಿ ಗಾಡಿ ಬಾಗುವುದೇ ಇಲ್ಲ,
ಆದರೆ ಬಿದ್ದ ಬೀಡಿಯ ಮೇಲೆ ಹೋದರೂ
ಯಾವ ಕಂಪನಿಯದೆಂದು ಬೆನ್ನಿಗೆ ಹೇಳುತ್ತದೆ.
ಮೂರನೆಯದೊಂದು ಉಂಟು. ಅದರ ಮಾತು ಅವನು ಎತ್ತಲಿಲ್ಲ,
ನನ್ನ ಅಂಗಿಯನ್ನು ನೋಡಿ.

ನಾಚಿಕೆ ಬಿಟ್ಟು ಕೇಳಿದೆ:
ನನ್ನ ಬದಿಗೆ ಗಟ್ಟಿಯದು, ಎಡಬದಿಗೆ ಮೆತ್ತಗಿನದು
ಹಾಕಬಹುದಾ?
"ಏಡಿಯ ಹಾಗೆ ಹೋಗುತ್ತದೆ," ಎಂದು ನಕ್ಕ.
ಆಮೇಲೆ ನಗಲಿಲ್ಲ.
ಎಡಬದಿಯಲ್ಲಿ ಕೂರುವವಳು ಯಾರೆಂದು ಅವನಿಗೆ ಗೊತ್ತು.

ಜಲಜಾಕ್ಷಿಯ ಬೆನ್ನಿನದೂ ಒಂದು ಚಿತ್ರ ಉಂಟು,
ಮಣಿಪಾಲದ ಡಾಕ್ಟರು ಚೀಟಿಯ ಹಿಂದೆ ಬರೆದುಕೊಟ್ಟದ್ದು:
ಎರಡು ಎಲುಬು, ನಡುವೆ ಗಾದಿ,
ಗಾದಿಯಿಂದ ಹೊರಗೆ ಇಣುಕಿದ ಏನೋ.
ಬಂದರಿನಲ್ಲಿ, ಒಣಮೀನು ಮತ್ತು ಗ್ರೀಸಿನ ವಾಸನೆಯಲ್ಲಿ,
ಕಿಸೆಗೆ ಕೈಹಾಕಿ ಸಿಕ್ಕಿದ್ದನ್ನು ಕೊಟ್ಟೆ.
ಹಮ್ಮಬ್ಬ ಕನ್ನಡಕ ಏರಿಸಿ ಒಮ್ಮೆ ನೆಟ್ಟಗೆ,
ಒಮ್ಮೆ ತಲೆಕೆಳಗೆ ಹಿಡಿದು ನೋಡಿ ಅಂದ:
"ಇದರ ಸೀಲು ಸಿಗುವುದಿಲ್ಲ ಮಾರಾಯ್ರೆ."

ಚೀಟಿ ಬದಲಿಸಿದೆ. ಅವನು ಅದನ್ನೂ ನೋಡಿದ, ಇದನ್ನೂ.
ಚಹಾ ತರಿಸಿದ.

ಕೊಯಮತ್ತೂರಿನಿಂದ ಬಂದ ಪೆಟ್ಟಿಗೆಗೆ
ಎರಡು ಬೋಟಿನ ಕೂಲಿ ಹೋಯಿತು.
ಬುಡದಲ್ಲಿ ಪುಟ್ಟ ತಿರುಪು, ಹನ್ನೆರಡು ಮೆಟ್ಟಿಲು,
ತಿರುಗಿಸಿದರೆ ಟಿಕ್,
ಒಳಗಿನ ತೂತು ಒಂದು ಕೂದಲಿನಷ್ಟು ಕಿರಿದು.
ಒಬ್ಬನೇ ಹೋಗುವಾಗ ಒಂಬತ್ತು.
ರಸ್ತೆ ಅಂಗಾಲಿಗೇ ಅಂಟಿದ ಹಾಗೆ, ಕಡಲು ಬಲಕ್ಕೆ, ಸುಖ.
ಅವಳು ಕೂರುವ ದಿನ ನಾಲ್ಕು.
ಎರಡು ಅಂದುಕೊಂಡಿದ್ದೆ, ಲಿಗೋರಿ ಬಿಡಲಿಲ್ಲ:
ಪೆಟ್ಟಾದರೆ ಒಂದು ಸಲ, ತೂಗಾಟವಾದರೆ ಮನೆ ಮುಟ್ಟುವವರೆಗೆ.

ಇದೆಲ್ಲ ಅವಳಿಗೆ ಹೇಳಿಲ್ಲ.
ತನ್ನ ಬೆನ್ನಿನ ಖರ್ಚಿಗೆ ಗಾಡಿಯೂ ಸೇರಿತೆಂದರೆ
ಮತ್ತೆ ಹತ್ತುವವಳಲ್ಲ.
ಗಾಳಿ ನೋಡುವವನ ಹಾಗೆ
ನಾಲ್ಕೂ ಚಕ್ರದ ಬಳಿ ಕೂತು ಏಳುತ್ತೇನೆ.

ನಿನ್ನೆ ಸಂಜೆ ಕಡೆಯ ಚಕ್ರ ಮುಗಿಸಿ ಏಳುವಾಗ
ಬಂಗುಡೆಗೆ ಮಸಾಲೆ ಅರೆಯಲು ಹೊರಟ ಮಿಕ್ಸಿ
ಶುರುವಾಗದೆ ಕಾಯುತ್ತಿತ್ತು.
ಅಡಿಗೆಮನೆಯ ಕಿಟಕಿಯಿಂದ ಅವಳು:
"ಮೂರಕ್ಕೆ ಐದೈದು ಕೇಳಿತು.
ಹಿಂದಿನ ಎಡದ್ದು ನಾಲ್ಕೇ ಟಿಕ್ ಅಂದದ್ದು.
ಅದು ನನ್ನ ಬದಿ ಅಲ್ಲವಾ?"